ಒಳಗಿನ ರಿವೆಟ್ ಯಾರಿಗೆ ಕಾಣುತ್ತದೆ?

ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂಬತ್ತು ವರ್ಷಗಳ ಕಾಲ ಕಾರು ನಿಲ್ಲಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಅಂಚಿನಲ್ಲಿ ನಮ್ಮ ವಾಸ. ಡಿಸೆಂಬರ್ ಕಳೆಯಿತೆಂದರೆ ಅಲ್ಲಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಹಿಮ ಗಟ್ಟಿಯಾಗಿ ಕೂರುತ್ತದೆ. ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟ ನನ್ನ ಪತ್ನಿ ಆ ಹಿಮವನ್ನು ಕೆರೆಯುತ್ತ ನಿಂತಿರುವಾಗ, ಒಳಗೆ ಬೆಚ್ಚಗೆ ಮಲಗಿರುತ್ತಿದ್ದುದು ಬಾಲ ಮಾತ್ರ ಮುಗಿದ, ರೆಕ್ಕೆ ಇನ್ನೂ ಮೂಡದ ಒಂದು ವಿಮಾನ. ಅದನ್ನು ಕಟ್ಟುತ್ತಿದ್ದವನು ನಾನು.

ವೃತ್ತಿಯಿಂದ ನಾನು ಸಾಫ್ಟ್‌ವೇರ್ ಎಂಜಿನಿಯರ್. ಹಗಲಿಡೀ ಕಂಪ್ಯೂಟರಿನ ಮುಂದೆ ಕುಳಿತು, ಕೈಗೆ ಸಿಗದ ಸಾಮಗ್ರಿಯೊಂದನ್ನು ತಯಾರಿಸುವುದು ನನ್ನ ಕೆಲಸ. ಅದರಲ್ಲಿ ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆಂದು ಹೇಳಿ ಗ್ರಾಹಕರ ಕೈಗೆ ಕೊಡಲೂಬಹುದು. ಇಂಥ ಮನುಷ್ಯನೊಬ್ಬ ನಲವತ್ತೈದು ದಾಟಿದ ಮೇಲೆ ಡ್ರಿಲ್ಲು, ಅರ, ತಗಡು ಕತ್ತರಿ ಹಿಡಿದು ವಿಮಾನ ಕಟ್ಟಲು ಹೊರಟರೆ ಸ್ನೇಹಿತರು ನಗುವುದು ಸಹಜ. ‘ಹಾರುತ್ತದೆಯೇ?’ ಎಂದು ಎಲ್ಲರೂ ಕೇಳಿದರು. ‘ಹಾರಿದ ಮೇಲೆ ಇಳಿಯುತ್ತದೆಯೇ?’ ಎಂದು ಕೇಳಿದವಳು ಪತ್ನಿಯೊಬ್ಬಳೇ.

ಇದು ಆಟಿಕೆಯ ಮಾತಲ್ಲವೆಂದು ಮೊದಲೇ ತಿಳಿಸಬೇಕು. ನಾನು ಕಟ್ಟಿದ್ದು ಆರ್‌ವಿ–7ಎ ಎಂಬ ಮಾದರಿಯ ವಿಮಾನ. ಇಬ್ಬರು ಅಕ್ಕಪಕ್ಕ ಕೂರಬಹುದು. ರೆಕ್ಕೆಯ ತುದಿಯಿಂದ ತುದಿಗೆ 25 ಅಡಿ. 180 ಅಶ್ವಶಕ್ತಿಯ ಎಂಜಿನ್. ಖಾಲಿ ತೂಕ ಸುಮಾರು 500 ಕಿಲೊ. ಇಂಧನ, ಜನ, ಸಾಮಾನು ಸೇರಿ 816 ಕಿಲೊ ದಾಟುವಂತಿಲ್ಲ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಸಲೀಸಾಗಿ ಸಾಗುತ್ತದೆ. ಇದರ ಬಿಡಿಭಾಗಗಳನ್ನು ಆರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತದೆ. ಮೊದಲು ಬಾಲ, ಆಮೇಲೆ ರೆಕ್ಕೆ, ನಂತರ ಒಡಲು. ಆ ಕಂಪನಿಯ ವಿವಿಧ ಮಾದರಿಗಳ 10,000ಕ್ಕೂ ಹೆಚ್ಚು ವಿಮಾನಗಳನ್ನು ಜನ ತಮ್ಮ ಕೈಯಾರೆ ಕಟ್ಟಿ ಹಾರಿಸಿದ್ದಾರೆ. ಹಾಗಾಗಿ ನಾನು ಮಾಡಿದ್ದು ಸಾಹಸಗಳ ಪಟ್ಟಿಗೆ ಸೇರುವಂಥದ್ದಲ್ಲ. ಆದರೂ ಇದನ್ನು ಬರೆಯಲು ಕೂತದ್ದಕ್ಕೆ ಕಾರಣವಿದೆ. ಆ ಗ್ಯಾರೇಜಿನಲ್ಲಿ ನಾನು ವಿಮಾನ ಕಟ್ಟುವುದಕ್ಕಿಂತ ಹೆಚ್ಚಾಗಿ ಕಲಿತದ್ದು ಮತ್ತೊಂದನ್ನು. ಕಲಿಸಿದವರು ಬೆಂಗಳೂರಿನ ವಿಮಾನಪುರದ ಒಬ್ಬ ನಿವೃತ್ತ ಕಾರ್ಮಿಕರು.

ಸೈಕಲ್ ಅಂಗಡಿಯ ವಾರಸುದಾರರು

ನಮ್ಮ ಮನೆಯಿಂದ ಒಂದು ಗಂಟೆಗೂ ತುಸು ಹೆಚ್ಚಿನ ದಾರಿ ಸವೆಸಿದರೆ ಡೇಟನ್ ನಗರ. ರೈಟ್ ಸಹೋದರರ ಸೈಕಲ್ ಅಂಗಡಿ ಇದ್ದದ್ದು ಅಲ್ಲಿ. ವಿಲ್ಬರ್ ಮತ್ತು ಆರ್ವಿಲ್ ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಸೈಕಲ್ ಮಾರಿ, ರಿಪೇರಿ ಮಾಡಿ ಗಳಿಸಿದ ಹಣದಲ್ಲಿ ವಿಮಾನ ಕಟ್ಟಿದರು. ಸೂಕ್ತ ಎಂಜಿನ್ ಎಲ್ಲಿಯೂ ಸಿಗದಿದ್ದಾಗ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಒಂದನ್ನು ತಯಾರಿಸಿಕೊಟ್ಟರು. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ಆ ಯಂತ್ರ 12 ಸೆಕೆಂಡು ಕಾಲ 120 ಅಡಿ ಹಾರಿತು. ಜಗತ್ತಿನ ಮೊದಲ ವಿಮಾನವೇ ಮನೆಯಲ್ಲಿ ಕಟ್ಟಿದ ವಿಮಾನ ಎಂಬುದನ್ನು ನಾವು ಮರೆತಿದ್ದೇವೆ. ಕಾರ್ಖಾನೆಗಳು ಬಂದದ್ದು ಆಮೇಲೆ.

ಆ ಪರಂಪರೆಯನ್ನು ಅಮೆರಿಕದ ಕಾನೂನು ಇವತ್ತಿಗೂ ಉಳಿಸಿಕೊಂಡಿದೆ. 1953ರಲ್ಲಿ ಮಿಲ್ವಾಕಿಯ ಪಾಲ್ ಪೊಬೆರೆಜ್ನಿ ಮತ್ತು ಅವರ ಗೆಳೆಯರು ಕಟ್ಟಿದ ‘ಪ್ರಾಯೋಗಿಕ ವಿಮಾನ ಸಂಘ’ ಇಂಥ ಹವ್ಯಾಸಿಗಳನ್ನು ಒಗ್ಗೂಡಿಸಿತು. ಈಗ ಪ್ರತಿ ಬೇಸಿಗೆಯಲ್ಲೂ ಆಶ್‌ಕಾಶ್ ಎಂಬ ಸಣ್ಣ ಊರಿನಲ್ಲಿ ಆ ಸಂಘದ ಜಾತ್ರೆ ನೆರೆಯುತ್ತದೆ. ಸಾವಿರಾರು ವಿಮಾನಗಳು ಹುಲ್ಲುಗಾವಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ರೆಕ್ಕೆಯಡಿಯಲ್ಲೇ ಗುಡಾರ ಹಾಕಿಕೊಂಡು ಜನ ಮಲಗುತ್ತಾರೆ. ನಮ್ಮ ಕಡೆಯ ದನಗಳ ಜಾತ್ರೆಯನ್ನು ಕಂಡವರಿಗೆ ಆ ದೃಶ್ಯ ಹೊಸದೆನಿಸದು.

ಕಾನೂನಿನ ಷರತ್ತು ಸರಳವಾಗಿದೆ. ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಯೇ ಮಾಡಿರಬೇಕು. ಮಾಡಿದ್ದು ತನ್ನ ಶಿಕ್ಷಣಕ್ಕಾಗಿ ಅಥವಾ ಸಂತೋಷಕ್ಕಾಗಿ ಆಗಿರಬೇಕು, ವ್ಯಾಪಾರಕ್ಕಾಗಿ ಅಲ್ಲ. ಸರ್ಕಾರಿ ನಿಯಮವೊಂದರಲ್ಲಿ ‘ಶಿಕ್ಷಣ’ ಎಂಬ ಪದವನ್ನು ಈ ಅರ್ಥದಲ್ಲಿ ಓದಿದಾಗ ನನಗೆ ಅಚ್ಚರಿಯಾಗಿತ್ತು. ಇಲ್ಲಿ ತರಗತಿಯಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ಕಲಿಯುವುದೆಲ್ಲ ಬೆರಳುಗಳ ಮೂಲಕ.

ಅಪ್ಪನ ಕಿವಿ

ನನ್ನ ಬೆರಳುಗಳು ದಡ್ಡ ವಿದ್ಯಾರ್ಥಿಗಳು. ಬಾಲದ ಪೆಟ್ಟಿಗೆ 2013ರ ಚಳಿಗಾಲದ ಮುನ್ನ ಮನೆಗೆ ಬಂತು. ವಿಮಾನದ ಮೈಯೆಲ್ಲ ತೆಳುವಾದ ಅಲ್ಯೂಮಿನಿಯಂ ತಗಡು. ಅದನ್ನು ಒಳಗಿನ ಪಕ್ಕೆಲುಬುಗಳಿಗೆ ಜೋಡಿಸುವುದು ರಿವೆಟ್. ಇಡೀ ವಿಮಾನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳು ಬೇಕು. ಒಂದೊಂದು ರಂಧ್ರವನ್ನೂ ಕೊರೆದು, ಅದರ ಅಂಚಿನ ಸಿಬಿರು ತೆಗೆದು, ತಲೆ ಕೂರಲು ತಗ್ಗು ಮಾಡಿ, ತುಕ್ಕು ತಡೆಯುವ ಬಣ್ಣ ಬಳಿದು, ಬಳಿಕ ರಿವೆಟ್ ತೂರಿಸಬೇಕು. ಹೊರಗಿನಿಂದ ಒಬ್ಬರು ಗಾಳಿಯ ಒತ್ತಡದಿಂದ ನಡೆಯುವ ರಿವೆಟ್ ಗನ್ ಹಿಡಿದು ಬಡಿಯುತ್ತಾರೆ. ಒಳಗಿನಿಂದ ಇನ್ನೊಬ್ಬರು ನುಣುಪಾದ ಉಕ್ಕಿನ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿದಿರುತ್ತಾರೆ. ಎರಡು ಮೂರು ಸೆಕೆಂಡಿನ ಕೆಲಸ. ಬಾಲ ಚಪ್ಪಟೆಯಾಗಿ, ರಿವೆಟ್ಟಿನ ದಪ್ಪದ ಒಂದೂವರೆಪಟ್ಟು ಅಗಲಕ್ಕೆ ಅರಳಬೇಕು. ಕಡಿಮೆಯಾದರೆ ಹಿಡಿತವಿಲ್ಲ, ಹೆಚ್ಚಾದರೆ ಲೋಹ ಬಿರುಕು ಬಿಡುತ್ತದೆ.

ನನ್ನ ಮೊದಲ ನೂರು ರಿವೆಟ್‌ಗಳಲ್ಲಿ ಮೂವತ್ತನ್ನು ಕಿತ್ತು ಹಾಕಬೇಕಾಯಿತು. ಆಗ ನೆನಪಾದವರು ಅಪ್ಪ.

ಅಪ್ಪ 1960ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದವರು. ನಿವೃತ್ತರಾಗುವವರೆಗೂ ಅವರು ಮಾಡಿದ್ದು ತಗಡಿನ ಕೆಲಸವೇ. ನಮ್ಮಲ್ಲೇ ವಿನ್ಯಾಸಗೊಂಡ ತರಬೇತಿ ವಿಮಾನ ಎಚ್‌ಟಿ–2, 1961ರಲ್ಲಿ ಮೊದಲ ಬಾರಿ ಹಾರಿದ ಮಾರುತ್ ಯುದ್ಧವಿಮಾನ, 1964ರಲ್ಲಿ ಹಾರಿದ ಕಿರಣ್. ಈ ಹೆಸರುಗಳೆಲ್ಲ ನಮ್ಮ ಮನೆಯಲ್ಲಿ ನೆಂಟರ ಹೆಸರುಗಳಂತೆ ಓಡಾಡುತ್ತಿದ್ದವು. ವಿಮಾನಪುರದ ಕ್ವಾರ್ಟರ್ಸ್‌ನಲ್ಲಿ ಬೆಳೆದ ನಾವು ಮಕ್ಕಳು, ತಲೆಯ ಮೇಲೆ ಹಾದುಹೋದ ವಿಮಾನವನ್ನು ಸದ್ದಿನಿಂದಲೇ ಗುರುತಿಸುತ್ತಿದ್ದೆವು. ‘ಅದು ನಮ್ಮಪ್ಪ ಮಾಡಿದ್ದು’ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಆದರೆ ಅಪ್ಪ ತಾವು ರಿವೆಟ್ ಹೊಡೆದ ಒಂದು ವಿಮಾನದಲ್ಲೂ ಕೂತವರಲ್ಲ. ಅವನ್ನು ಹಾರಿಸುವವರು ಬೇರೆ, ಮಾಡುವವರು ಬೇರೆ. ಅದರಲ್ಲಿ ಕೊರಗುವುದೇನಿದೆ ಎಂಬಂತೆ ಅವರು ಇದ್ದರು.

ಅಮ್ಮ ತೀರಿಕೊಂಡ ಮರುವರ್ಷ, 2014ರ ಮೇ ತಿಂಗಳಲ್ಲಿ, ಅಪ್ಪ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಎಪ್ಪತ್ತಮೂರರ ವಯಸ್ಸು. ಮಾತು ಕಡಿಮೆಯಾಗಿತ್ತು. ಮೊದಲ ದಿನ ಗ್ಯಾರೇಜಿಗೆ ಬಂದು ಕೈಕಟ್ಟಿ ನಿಂತು ನಾನು ರಿವೆಟ್ ಹೊಡೆಯುವುದನ್ನು ಕೇಳಿಸಿಕೊಂಡರು. ನೋಡಿದರು ಎಂದು ಬರೆಯಬೇಕಿತ್ತು. ಆದರೆ ಅವರು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದರು. ‘ಗನ್ನು ಜಾರ್ತಾ ಇದೆ. ಒಳಗಿನ ಗಟ್ಟಿ ಓರೆ ಇದೆ. ಸದ್ದು ಕೊನೆಗೆ ಗಡುಸಾಗಬೇಕು, ಇದು ಒಡೀತಾ ಇದೆ’ ಎಂದರು. ಬೆಳಕು ಹಿಡಿದು ಒಳಗೆ ನೋಡಿದೆ. ರಿವೆಟ್ಟಿನ ಬಾಲ ಬಾಗಿ ಮಲಗಿತ್ತು.

ಮರುದಿನದಿಂದ ಒಳಗಿನ ಗಟ್ಟಿ ಹಿಡಿಯುವ ಕೆಲಸ ಅಪ್ಪನದಾಯಿತು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರಿಗೆ ನನ್ನದು ಕಾಣುತ್ತಿರಲಿಲ್ಲ. ನಡುವೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ತಗಡು. ಕೆಲಸಗಾರರ ಹಳೆಯ ಸಂಕೇತವನ್ನು ಅವರು ನನಗೆ ಕಲಿಸಿದರು. ಒಳಗಿನಿಂದ ಒಂದು ಸಲ ತಟ್ಟಿದರೆ ಇನ್ನಷ್ಟು ಬಡಿ. ಎರಡು ಸಲ ತಟ್ಟಿದರೆ ಸರಿಯಾಗಿದೆ, ಮುಂದಕ್ಕೆ ನಡೆ. ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತು ಹಾಕು. ಅಮ್ಮ ಹೋದ ಮೇಲೆ ಫೋನಿನಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ತಡವರಿಸುತ್ತಿದ್ದ ನಾವಿಬ್ಬರೂ ಆ ಬೇಸಿಗೆಯಲ್ಲಿ ಗಂಟೆಗಟ್ಟಲೆ ಹೀಗೆ ತಟ್ಟಿಕೊಂಡು ಮಾತಾಡಿದೆವು.

ಎರಡು ರಂಧ್ರ

ಜುಲೈ ತಿಂಗಳಿನಲ್ಲಿ ಅಡ್ಡಬಾಲದ ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು. ವಿಮಾನದ ಮೂಗು ಮೇಲೇಳದಂತೆ, ಕೆಳಗೆ ಕುಸಿಯದಂತೆ ಸಮತೋಲದಲ್ಲಿ ಹಿಡಿದಿಡುವ ಭಾಗ ಅದು. ಅದು ಕಳಚಿದರೆ ಚಾಲಕನ ಕೈಯಲ್ಲಿ ಮಾಡುವಂಥದ್ದೇನೂ ಉಳಿಯುವುದಿಲ್ಲ. ಅದರ ಬೆನ್ನೆಲುಬಿನಂಥ ತೊಲೆಗೆ ಬಲ ಕೊಡಲು ಎರಡು ಕೋನಪಟ್ಟಿಗಳನ್ನು ಜೋಡಿಸಬೇಕು. ಆ ಪಟ್ಟಿಗಳ ರಂಧ್ರಗಳನ್ನು ಕಟ್ಟುವವನೇ ಕೊರೆಯಬೇಕು. ಅಪ್ಪ ಬರುವುದಕ್ಕೆ ಎರಡು ತಿಂಗಳ ಮುಂಚೆ ನಾನೊಬ್ಬನೇ ಆ ಕೆಲಸ ಮಾಡಿದ್ದೆ.

ವಿಮಾನದ ತಗಡಿನ ಕೆಲಸದಲ್ಲಿ ಮೀರಬಾರದ ಒಂದು ನಿಯಮವಿದೆ. ರಂಧ್ರದ ನಡುಬಿಂದುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡು ಪಟ್ಟಾದರೂ ಅಂತರ ಇರಬೇಕು. ನನ್ನ ರಿವೆಟ್ಟಿನ ದಪ್ಪ 3.2 ಮಿ.ಮೀ.; ಅಂದರೆ 6.4 ಮಿ.ಮೀ. ಅಂತರ ಬೇಕಿತ್ತು. ಎರಡು ರಂಧ್ರಗಳಲ್ಲಿ ಅದು 5 ಮಿ.ಮೀ.ಗಿಂತಲೂ ಕಡಿಮೆಯಿತ್ತು. ಇದು ನನಗೆ ಗೊತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೊರೆದ ದಿನವೇ ಗೊತ್ತಾಗಿತ್ತು. ‘ಒಂದೂವರೆ ಮಿಲಿಮೀಟರ್ ಯಾವ ಲೆಕ್ಕ, ಉಳಿದ ರಿವೆಟ್‌ಗಳು ಭಾರ ಹೊರುತ್ತವೆ’ ಎಂದು ಸಮಾಧಾನ ಮಾಡಿಕೊಂಡು, ರಿವೆಟ್ ಹೊಡೆದು, ಮೇಲೆ ತಗಡು ಮುಚ್ಚತೊಡಗಿದ್ದೆ. ಇನ್ನೊಂದು ಸಾಲು ಹೊಡೆದರೆ ಆ ಎರಡು ರಂಧ್ರಗಳನ್ನು ಮುಂದೆ ಯಾರೂ ಕಾಣುವ ಸಂಭವವೇ ಇರಲಿಲ್ಲ.

ಅಪ್ಪ ಆ ಸಾಲು ಹೊಡೆಯುವ ಮುನ್ನ ಟಾರ್ಚು ಮತ್ತು ದಂತವೈದ್ಯರು ಬಳಸುವಂಥ ಸಣ್ಣ ಕನ್ನಡಿ ಹಿಡಿದು ಒಳಗೆಲ್ಲ ನೋಡಿದರು. ಒಂದು ಜಾಗದಲ್ಲಿ ಕನ್ನಡಿ ನಿಂತಿತು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ.

‘ಇದಕ್ಕೆ ಸ್ಟ್ಯಾಂಪ್ ಯಾರು ಹಾಕ್ತಾರೆ?’ ಎಂದು ಕೇಳಿದರು.

ಕಾರ್ಖಾನೆಯಲ್ಲಿ ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ತಪಾಸಣೆ ಮಾಡಿ ಮೊಹರು ಹಾಕಿದ ಮೇಲೆಯೇ ಮುಂದಿನ ಹಂತ. ಅಪ್ಪ ಬದುಕಿದ್ದು ಆ ವ್ಯವಸ್ಥೆಯಲ್ಲಿ. ಇಲ್ಲಿ ಹಾಗಿಲ್ಲ, ಸಂಘದ ಅನುಭವಿಗಳು ಆಗೀಗ ಬಂದು ಸಲಹೆ ಕೊಡುತ್ತಾರೆ, ಕೊನೆಯಲ್ಲಿ ಒಬ್ಬ ಅಧಿಕಾರಿ ಬಂದು ಒಟ್ಟಾರೆ ನೋಡುತ್ತಾರೆ, ಮುಚ್ಚಿದ್ದನ್ನು ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ವಿವರಿಸಿದೆ.

‘ಹಾಗಾದ್ರೆ ಸ್ಟ್ಯಾಂಪ್ ನಿಂದೇ.’

‘ಹೌದಪ್ಪ.’

‘ಹಾರಿಸೋನೂ ನೀನೇ.’

‘ಹೌದು.’

‘ನಮಗೆ ಅದೊಂದು ಅನುಕೂಲ ಇತ್ತು. ಬೇರೆಯವರು ನೋಡ್ತಾರೆ ಅನ್ನೋ ಭಯ ಇತ್ತು. ನಿನಗೆ ಅದೂ ಇಲ್ವಲ್ಲಪ್ಪ’ ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನನ್ನ ಬಗ್ಗೆ ಮರುಕವಿತ್ತು. ಟಾರ್ಚು ಆರಿಸಿ ಮನೆಯೊಳಗೆ ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ವೃತ್ತಿಯ ಇಪ್ಪತ್ತು ವರ್ಷಗಳಲ್ಲಿ ಹೀಗೆ ಮುಚ್ಚಿ ಮುಂದೆ ಸಾಗಿದ ರಂಧ್ರಗಳೆಷ್ಟು ಎಂದು ಲೆಕ್ಕ ಹಾಕುತ್ತ ಮಲಗಿದ್ದೆ. ಅವುಗಳ ಭಾರ ಹೊತ್ತವರು ಯಾರೋ ಬೇರೆಯವರು. ಅವರ ಮುಖ ನನಗೆ ಗೊತ್ತಿರಲಿಲ್ಲ. ಇಲ್ಲಿ ಆ ಭಾರದ ಮೇಲೆ ಕೂರುವವನು ನಾನು, ಪಕ್ಕದ ಆಸನದಲ್ಲಿ ಪತ್ನಿ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಡ್ರಿಲ್ಲಿಗೆ ಹೊಸ ಬಿಟ್ ಹಾಕಿಟ್ಟಿದ್ದರು. ಹೊಡೆದ ರಿವೆಟ್ ಕೀಳುವುದು ಹೊಡೆಯುವುದಕ್ಕಿಂತ ಸೂಕ್ಷ್ಮದ ಕೆಲಸ. ತಲೆಯ ಆಳದಷ್ಟೇ ಕೊರೆದು, ತಲೆಯನ್ನು ಮುರಿದು, ಉಳಿದ ಕಾಂಡವನ್ನು ಮೆಲ್ಲನೆ ಹೊರಕ್ಕೆ ತಟ್ಟಬೇಕು. ಕೈ ತಪ್ಪಿದರೆ ಒಳ್ಳೆಯ ರಂಧ್ರವೂ ಹಾಳು. ಎರಡು ವಾರ ಹಿಡಿಯಿತು. ಹೊಸ ತೊಲೆ ಮತ್ತು ಕೋನಪಟ್ಟಿಗಳನ್ನು ತರಿಸಿಕೊಂಡೆವು. ಕೆಟ್ಟ ಪಟ್ಟಿಯನ್ನು ಎಸೆಯಲು ಅಪ್ಪ ಬಿಡಲಿಲ್ಲ. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಗ್ಯಾರೇಜಿನ ಗೋಡೆಗೆ ತೂಗುಹಾಕಿದರು. ಅದು ಈಗಲೂ ಅಲ್ಲೇ ಇದೆ.

ನವೆಂಬರಿನಲ್ಲಿ ಅವರು ಹಿಂತಿರುಗುವ ಮುನ್ನ ಡೇಟನ್ನಿಗೆ ಕರೆದುಕೊಂಡು ಹೋದೆ. ಅಲ್ಲಿನ ಕ್ಯಾರಿಲನ್ ಉದ್ಯಾನದಲ್ಲಿ ರೈಟ್ ಸಹೋದರರು 1905ರಲ್ಲಿ ಕಟ್ಟಿದ ಮೂರನೆಯ ವಿಮಾನವಿದೆ. ಆ ವರ್ಷದ ಅಕ್ಟೋಬರಿನಲ್ಲಿ 39 ನಿಮಿಷ ಹಾರಿದ ವಿಮಾನ ಅದು. ಅಪ್ಪ ಅದರ ಸುತ್ತ ಎರಡು ಸುತ್ತು ಬಂದರು. ಮರದ ಕೀಲುಗಳನ್ನೂ ಅವಕ್ಕೆ ಸುತ್ತಿದ ದಾರವನ್ನೂ ನೋಡಿದರು. ‘ಇವರಿಗೂ ಸ್ಟ್ಯಾಂಪ್ ಹಾಕೋರು ಯಾರೂ ಇರಲಿಲ್ಲ’ ಎಂದಷ್ಟೇ ಹೇಳಿದರು.

ಗುಲಾಬಿ ಬಣ್ಣದ ಕಾಗದ

ಆಮೇಲಿನ ವರ್ಷಗಳು ನಿಧಾನವಾಗಿ ಸರಿದವು. ರೆಕ್ಕೆ, ಇಂಧನದ ಟ್ಯಾಂಕು, ಒಡಲು, ವಿದ್ಯುತ್ ತಂತಿಗಳು. ಒಳಗಿನ ಗಟ್ಟಿ ಹಿಡಿಯುವ ಕೆಲಸವನ್ನು ಪತ್ನಿ ಕಲಿತಳು. ಅವಳೂ ತಟ್ಟುವ ಸಂಕೇತವನ್ನು ರೂಢಿಸಿಕೊಂಡಳು. ಮೂರು ಸಲ ತಟ್ಟಲು ಅವಳು ಎಂದೂ ಹಿಂಜರಿಯಲಿಲ್ಲ. 2020ರಲ್ಲಿ ಸೋಂಕಿನ ಭಯದಿಂದ ಎಲ್ಲರೂ ಮನೆಯೊಳಗಿದ್ದಾಗ ಕೆಲಸ ಚುರುಕಾಯಿತು. 2021ರಲ್ಲಿ ರೆಕ್ಕೆಗಳನ್ನೂ ಒಡಲನ್ನೂ ಬಾಡಿಗೆ ಟ್ರಕ್ಕಿನಲ್ಲಿ ಸಮೀಪದ ಸಣ್ಣ ವಿಮಾನ ನಿಲ್ದಾಣಕ್ಕೆ ಸಾಗಿಸಿ ಅಲ್ಲಿ ಜೋಡಿಸಿದೆವು. ದಿನಚರಿಯ ಲೆಕ್ಕದಲ್ಲಿ ಒಟ್ಟು 2,100 ಗಂಟೆಗಳ ಕೆಲಸ.

2022ರ ಸೆಪ್ಟೆಂಬರಿನಲ್ಲಿ ಪರಿಶೀಲನಾಧಿಕಾರಿ ಬಂದರು. ಮುಚ್ಚಳಗಳನ್ನೆಲ್ಲ ಬಿಚ್ಚಿಸಿ ಅರ್ಧ ದಿನ ನೋಡಿದರು. ಒಂಬತ್ತು ವರ್ಷಗಳ ದಿನಚರಿ, ಫೋಟೊಗಳನ್ನು ತಿರುವಿದರು. ಕೊನೆಗೆ ಗುಲಾಬಿ ಬಣ್ಣದ ಒಂದು ಕಾಗದಕ್ಕೆ ಸಹಿ ಮಾಡಿಕೊಟ್ಟರು. ಹಾರಾಟದ ಯೋಗ್ಯತಾಪತ್ರ ಅದು. ವಿಮಾನದ ಮೈಗೆ ಕಡ್ಡಾಯವಾಗಿ ಅಂಟಿಸಬೇಕಾದ ಲೋಹದ ಫಲಕದಲ್ಲಿ ತಯಾರಕರ ಹೆಸರು ಬರೆಯಬೇಕು. ಆ ಜಾಗದಲ್ಲಿ ಕಂಪನಿಯ ಹೆಸರಿಲ್ಲ, ಕಟ್ಟಿದವನ ಹೆಸರಿರುತ್ತದೆ. ನಮ್ಮ ಕಡೆಯ ಬಹುಪಾಲು ಜನರಂತೆ ನನಗೂ ಉಪನಾಮ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದು ಅಪ್ಪನ ಹೆಸರೇ ನನ್ನ ಉಪನಾಮವಾಯಿತು. ಹಾಗಾಗಿ ಆ ಫಲಕದಲ್ಲಿ ಈಗ ಅಪ್ಪನ ಹೆಸರೂ ಇದೆ. ಮೂರೂವರೆ ದಶಕಗಳ ಕಾಲ ವಿಮಾನ ಕಟ್ಟಿದ ಮನುಷ್ಯನ ಹೆಸರು ವಿಮಾನವೊಂದರ ಮೇಲೆ ಬಂದದ್ದು ಅದೇ ಮೊದಲು.

ಫಲಕದ ಜೊತೆ ಇನ್ನೊಂದು ಬರಹವೂ ಕಡ್ಡಾಯ. ಇದು ಹವ್ಯಾಸಿ ಕಟ್ಟಿದ ವಿಮಾನ, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳನ್ನು ಇದು ಪಾಲಿಸಿಲ್ಲ ಎಂದು ಪ್ರಯಾಣಿಕರಿಗೆ ಕಾಣುವಂತೆ ಬರೆದಿರಬೇಕು. ಸರ್ಕಾರ ತಡೆಯುವುದಿಲ್ಲ, ಆದರೆ ಮುಚ್ಚಿಡಲೂ ಬಿಡುವುದಿಲ್ಲ. ಆ ಎಚ್ಚರಿಕೆಗೆ ಆಧಾರವಿದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಸಾಮಾನ್ಯ ವಿಮಾನಗಳಲ್ಲಿ ಹವ್ಯಾಸಿಗಳು ಕಟ್ಟಿದವು ಶೇ 10ರಷ್ಟು. ಆದರೆ 2011ರ ಅಪಘಾತಗಳಲ್ಲಿ ಅವುಗಳ ಪಾಲು ಸುಮಾರು ಶೇ 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ 21. ಎಂಜಿನ್ ಕೈಕೊಡುವುದು ಮತ್ತು ಹೊಸ ವಿಮಾನದ ಸ್ವಭಾವ ಅರಿಯದ ಚಾಲಕ ಹಿಡಿತ ಕಳೆದುಕೊಳ್ಳುವುದು ಮುಖ್ಯ ಕಾರಣಗಳು. ಈ ಅಂಕಿಗಳನ್ನು ಪತ್ನಿಯಿಂದ ಬಚ್ಚಿಡಬಹುದಿತ್ತು. ಗೋಡೆಯ ಮೇಲಿನ ಕೋನಪಟ್ಟಿ ಬಿಡಲಿಲ್ಲ. ಓದಿದ ಅವಳು, ‘ಸರಿ, ಇನ್ನೂ ಏನೇನು ಕಲಿಯಬೇಕೋ ಕಲಿತುಕೊಂಡು ಹಾರಿ’ ಎಂದಳು. ಅದೇ ಮಾದರಿಯ ಬೇರೊಂದು ವಿಮಾನದಲ್ಲಿ ಶಿಕ್ಷಕರೊಬ್ಬರ ಜೊತೆ ಆರು ಗಂಟೆ ಹಾರಿ ಅಭ್ಯಾಸ ಮಾಡಿದೆ.

ನಮ್ಮ ದೇಶದಲ್ಲಿ ಇದು ಸಾಧ್ಯವೇ ಎಂದು ಬೆಂಗಳೂರಿಗೆ ಬಂದಾಗಲೆಲ್ಲ ತರುಣರು ಕೇಳುತ್ತಾರೆ. ಮುಂಬೈನ ವಿಮಾನ ಚಾಲಕ ಅಮೋಲ್ ಯಾದವ್ ತಮ್ಮ ವಸತಿ ಕಟ್ಟಡದ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದರು. 2016ರಲ್ಲಿ ಅದು ಮುಂಬೈನ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನರ ಕಣ್ಸೆಳೆಯಿತು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಲು ಪರವಾನಗಿ ಸಿಕ್ಕಿದ್ದು 2019ರಲ್ಲಿ. ವಿಮಾನ ಕಟ್ಟುವಷ್ಟೇ ತಾಳ್ಮೆ ಕಾಗದಕ್ಕೂ ಬೇಕಾಯಿತು. ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಉದಾಹರಣೆಯಿದೆ. 1980ರ ದಶಕದಲ್ಲಿ ನಮ್ಮ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು, ಹವ್ಯಾಸಿಗಳಿಗೆಂದೇ ಬರ್ಟ್ ರುಟಾನ್ ರೂಪಿಸಿದ ಲಾಂಗ್–ಈಜಿ ವಿಮಾನದ ಆಧಾರದ ಮೇಲೆ ಹಗುರ ವಿಮಾನವೊಂದನ್ನು ಕಟ್ಟಿ ಹಾರಿಸಿದರು. ಆ ಕಲಿಕೆ ಮುಂದೆ ‘ಹಂಸ’ ತರಬೇತಿ ವಿಮಾನಕ್ಕೆ ನೆರವಾಯಿತು. ಗ್ಯಾರೇಜು ಮತ್ತು ಪ್ರಯೋಗಾಲಯದ ನಡುವಿನ ಅಂತರ ನಾವು ತಿಳಿದಷ್ಟು ದೊಡ್ಡದಲ್ಲ. ನಮ್ಮಲ್ಲಿ ಕೈಕಸುಬಿನವರಿಗೆ ಕೊರತೆಯಿಲ್ಲ. ಕೊರತೆಯಿರುವುದು, ‘ನೀನು ಮಾಡು, ಮಾಡಿದ್ದಕ್ಕೆ ನೀನೇ ಹೊಣೆ’ ಎಂದು ಸಾಮಾನ್ಯ ಪ್ರಜೆಗೆ ಹೇಳುವ ಧೈರ್ಯಕ್ಕೆ.

ನಲವತ್ತು ನಿಮಿಷ

2022ರ ಅಕ್ಟೋಬರಿನ ಒಂದು ಶನಿವಾರ. ಬೆಳಿಗ್ಗೆ ಎಂಟು ಗಂಟೆ. ಗಾಳಿ ಅಲುಗುತ್ತಿರಲಿಲ್ಲ. ಪರೀಕ್ಷಾ ಹಾರಾಟದ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಗೆಳೆಯನೊಬ್ಬ ರೇಡಿಯೊ ಹಿಡಿದು, ಇನ್ನೊಬ್ಬ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ರನ್‌ವೇ ಪಕ್ಕ ನಿಂತಿದ್ದರು. ಪತ್ನಿ ಬೇಲಿಯ ಆಚೆಗಿದ್ದಳು. ಕೈ ಬೀಸಲಿಲ್ಲ, ಎರಡೂ ಕೈ ಜೇಬಿನಲ್ಲಿದ್ದವು.

ರನ್‌ವೇ ತುದಿಯಲ್ಲಿ ನಿಂತಾಗ ನನಗೆ ನೆನಪಾದದ್ದು ರೈಟ್ ಸಹೋದರರಲ್ಲ, ದೇವರೂ ಅಲ್ಲ. 2016ರ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಬಿಗಿದ ಇಂಧನ ನಳಿಕೆಯ ನಟ್ಟು ನೆನಪಾಯಿತು. ಮರುದಿನ ಅದನ್ನು ಬಿಚ್ಚಿ ಮತ್ತೆ ಬಿಗಿದಿದ್ದೆನೆಂಬುದೂ ನೆನಪಾಯಿತು. ಪೂರ್ತಿ ಶಕ್ತಿ ಕೊಟ್ಟೆ. ನಾನು ಎತ್ತುವ ಮೊದಲೇ ಎಂಬಂತೆ ವಿಮಾನ ನೆಲ ಬಿಟ್ಟಿತು.

ಆನಂದಪಡಲು ಪುರುಸೊತ್ತಿರಲಿಲ್ಲ. ಎಡರೆಕ್ಕೆ ತುಸು ಕೆಳಕ್ಕೆ ಎಳೆಯುತ್ತಿತ್ತು. ಕಡ್ಡಿಯನ್ನು ಬಲಕ್ಕೆ ಒತ್ತಿ ಹಿಡಿದೆ. ಹೊಸ ಎಂಜಿನ್ನಿನ ಮೂರನೆಯ ಸಿಲಿಂಡರಿನ ಉಷ್ಣತೆ ಏರುತ್ತ 215 ಡಿಗ್ರಿ ಸೆಲ್ಸಿಯಸ್ ದಾಟಿತು. ಮೂಗು ಇಳಿಸಿ ವೇಗ ಹೆಚ್ಚಿಸಿದೆ. ಗಾಳಿ ಹೆಚ್ಚು ಹೊಕ್ಕು ಮುಳ್ಳು ಹಿಂದೆ ಸರಿಯಿತು. ಎಂಜಿನ್ ನಿಂತರೂ ತೇಲಿಕೊಂಡು ರನ್‌ವೇ ಮುಟ್ಟುವಷ್ಟು ದೂರದಲ್ಲೇ ಇರಬೇಕೆಂದು, ನಿಲ್ದಾಣದ ಮೇಲೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಸುತ್ತು ಹಾಕಿದೆ. ವೇಗ ತಗ್ಗಿಸುತ್ತ ಹೋಗಿ, ರೆಕ್ಕೆ ನಡುಗಲು ಶುರುವಾಗುವ ವೇಗವನ್ನು ಮೊಣಕಾಲಿಗೆ ಕಟ್ಟಿದ್ದ ಕಾಗದದಲ್ಲಿ ಗುರುತು ಹಾಕಿಕೊಂಡೆ. ಇಳಿಯುವಾಗ ಎಷ್ಟು ವೇಗವಿರಬೇಕೆಂಬುದಕ್ಕೆ ಅದೇ ಆಧಾರ.

ಆಮೇಲೆ ಒಂದೆರಡು ನಿಮಿಷ ಮಾಡುವ ಕೆಲಸವಿರಲಿಲ್ಲ. ತಿರುಗಿ ಬಾಲದ ಕಡೆ ನೋಡಿದೆ. ಆ ಅಡ್ಡಬಾಲ ಬೆಳಗಿನ ಬಿಸಿಲಿನಲ್ಲಿ ಅಲುಗದೆ ನಿಂತಿತ್ತು. ಅದರೊಳಗೆ ಏನಿದೆಯೆಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಗಾಬರಿಯಾಗಲು ನನಗೆ ಕಾರಣವೇ ಸಿಗಲಿಲ್ಲ. ಧೈರ್ಯವೆಂದರೆ ಎದೆಗಾರಿಕೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದರಲ್ಲಿ ಹೆಚ್ಚಿನ ಪಾಲು, ಬಚ್ಚಿಟ್ಟದ್ದು ಏನೂ ಇಲ್ಲ ಎಂಬ ನೆಮ್ಮದಿ.

ನಲವತ್ತು ನಿಮಿಷಗಳ ನಂತರ ಇಳಿದೆ. ಒಮ್ಮೆ ಪುಟಿದು, ಆಮೇಲೆ ಕುಳಿತಿತು. ಪತ್ನಿ ಬಂದು ರೆಕ್ಕೆಯ ಮೇಲೆ ಕೈಯಿಟ್ಟು, ‘ಇಳಿಯುತ್ತದೆ’ ಎಂದಳು.

ಬೆಂಗಳೂರಿನಲ್ಲಿ ಆಗ ಸಂಜೆ. ಅಪ್ಪನಿಗೆ ಫೋನ್ ಮಾಡಿದೆ. ಎಂಬತ್ತೊಂದರ ಅವರಿಗೆ ಮೊಣಕಾಲು ನೋವು. ದೂರ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರು. ಅವರು ಈ ವಿಮಾನದಲ್ಲೂ ಕೂರಲಾರರೆಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಹಾರಿದೆ ಎಂದೆ. ‘ಸಂತೋಷ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಕರಿ ಗೆರೆ ಏನಾದ್ರೂ ಬಂದಿದೆಯಾ, ನೋಡಿದ್ಯಾ?’

ಸಡಿಲವಾದ ರಿವೆಟ್ ಹಾರಾಟದ ಕಂಪನಕ್ಕೆ ತಗಡನ್ನು ಉಜ್ಜುತ್ತದೆ. ಉದುರಿದ ಕಪ್ಪು ಪುಡಿ ಗಾಳಿಯ ಹೊಡೆತಕ್ಕೆ ರಿವೆಟ್ಟಿನ ಹಿಂದೆ ಗೆರೆಯಾಗಿ ಮೂಡುತ್ತದೆ. ಒಳಗಿನ ತಪ್ಪು ಹೊರಗೆ ಕಾಣಿಸಿಕೊಳ್ಳುವುದು ಹೀಗೆ. ಒಂದೇ ಹಾರಾಟಕ್ಕೆ ಅದು ಬರುವುದಿಲ್ಲವೆಂದು ಅಪ್ಪನಿಗೂ ಗೊತ್ತಿತ್ತು. ಆದರೂ ಟಾರ್ಚು ಹಿಡಿದು ರೆಕ್ಕೆಯ ಕೆಳಗೆ ಮಲಗಿ ನೋಡಿದೆ.

ನಿಗದಿಯಾಗಿದ್ದ ನಲವತ್ತು ಗಂಟೆಗಳ ಪರೀಕ್ಷಾ ಹಾರಾಟ 2023ರ ಮೇ ತಿಂಗಳಲ್ಲಿ ಮುಗಿಯಿತು. ಪತ್ನಿಯನ್ನು ಕೂರಿಸುವ ಮುನ್ನ ವಿಮಾನವನ್ನು ಮತ್ತೊಮ್ಮೆ ಇಂಚಿಂಚೂ ನೋಡಿದೆ. ಬಲರೆಕ್ಕೆಯ ತಳದಲ್ಲಿ, ನಾನೊಬ್ಬನೇ ಕೈ ಚಾಚಿ ಹೊಡೆದಿದ್ದ ರಿವೆಟ್ಟಿನ ಹಿಂದೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಕಿತ್ತು ಬೇರೆ ಹೊಡೆದೆ. ಅಂದು ರಾತ್ರಿ ಅಪ್ಪನಿಗೆ ತಿಳಿಸಿದೆ.

‘ಸಿಕ್ತಲ್ಲ, ಒಳ್ಳೇದಾಯ್ತು’ ಎಂದರು. ‘ಇನ್ನೊಂದು ಇರುತ್ತೆ. ನೋಡ್ತಾ ಇರು.’